ಗೇರ್ ಹಾಕಿದರೆ ಟಕ್ ಟಕ್, ರಾತ್ರಿಯಾದರೆ ಗುಂಯ್

ಪ್ರಶ್ನೆ: ನಾನು ಶಿವಮೊಗ್ಗದವನು, ಈಗ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿದ್ದೇನೆ. ಸ್ನೇಹಿತನ ಜೊತೆ ಸೇರಿ 30 ಅಡಿಯ ಹಳೇ ಹಾಯಿದೋಣಿ ಕೊಂಡಿದ್ದೇನೆ. ಎರಡು ಸಿಲಿಂಡರಿನ ಡೀಸೆಲ್ ಇಂಜಿನ್, 2:1 ಗೇರ್‌ಬಾಕ್ಸ್, ಎರಡು ರೆಕ್ಕೆಯ ಪ್ರೊಪೆಲ್ಲರ್. ಹೋದ ತಿಂಗಳು ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ತಳಕ್ಕೆ ಪೇಂಟ್ ಹೊಡೆಸಿ, ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿಗೆ ಹೊಸ ಜಿಂಕ್ (ಶಾಫ್ಟಿನ ಬದಲು ತಾನು ಸವೆದು ಅದನ್ನು ಕಾಪಾಡುವ ಸತುವಿನ ತುಂಡು) ಹಾಕಿಸಿದೆವು. ಆಮೇಲಿಂದ ಗೇರ್ ಹಾಕಿದ ಕೂಡಲೇ ನೀರೊಳಗಿಂದ ಟಕ್ ಟಕ್ ಸದ್ದು ಬರುತ್ತಿದೆ. ನ್ಯೂಟ್ರಲ್‌ನಲ್ಲಿ ಇಲ್ಲ, 1600 ಆರ್‌ಪಿಎಂ ದಾಟಿದರೂ ಇಲ್ಲ. ಮೆಕ್ಯಾನಿಕ್ ಒಬ್ಬರು ಗೇರ್‌ಬಾಕ್ಸ್ ಬಿಚ್ಚಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಲಾ?

ಉತ್ತರ: ಈಗಲೇ ಬಿಚ್ಚಿಸಬೇಡಿ. ಮೆಕ್ಯಾನಿಕ್ ಹೇಳಿದ್ದು ಪೂರ್ತಿ ತಪ್ಪು ಅಂತಲ್ಲ, ಗೇರ್ ಬಿದ್ದಾಗ ಮಾತ್ರ ಸದ್ದು ಬಂದರೆ ಗೇರ್‌ಬಾಕ್ಸಿನ ಮೇಲೂ ಅನುಮಾನ ಬರುವುದು ಸಹಜ. ಆದರೆ ನಿಮ್ಮ ಪತ್ರದಲ್ಲೇ ಇನ್ನೊಂದು ಸುಳಿವು ಇದೆ. ದೋಣಿ ಮೇಲೆತ್ತಿಸುವ ಮುಂಚೆ ಸದ್ದು ಇರಲಿಲ್ಲ, ಇಳಿಸಿದ ಮೇಲೆ ಶುರುವಾಯಿತು. ಅಲ್ಲಿ ಯಾರೂ ಗೇರ್‌ಬಾಕ್ಸ್ ಮುಟ್ಟಿಲ್ಲ, ಮುಟ್ಟಿದ್ದು ಜಿಂಕ್. ಹಾಗಾಗಿ ಮೊದಲು ನೋಡಬೇಕಾದ್ದು ಅದನ್ನೇ.

ಅದಕ್ಕೂ ಮುಂಚೆ, ಈ ಸದ್ದು ಯಾವ ಭಾಗದ ತಿರುಗಾಟಕ್ಕೆ ಹೊಂದುತ್ತದೆ ಅಂತ ಎಣಿಸಿ ನೋಡೋಣ. ಇಂಜಿನ್ 900 ಆರ್‌ಪಿಎಂನಲ್ಲಿ ಇದ್ದರೆ, ಗೇರ್‌ಬಾಕ್ಸ್ 2:1 ಆದ್ದರಿಂದ ನಿಮ್ಮ ಶಾಫ್ಟ್ ನಿಮಿಷಕ್ಕೆ 450 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಏಳೂವರೆ. ಎರಡು ರೆಕ್ಕೆ ಇರುವುದರಿಂದ ರೆಕ್ಕೆಯ ಲೆಕ್ಕ ಸೆಕೆಂಡಿಗೆ 15. ಫೋನನ್ನು ಹಿಂದೆ ಮಲಗುವ ಬಂಕಿನ ಕೆಳಗೆ, ದೋಣಿಯ ತಳಕ್ಕೆ ತಾಗಿಸಿಟ್ಟು ರೆಕಾರ್ಡ್ ಮಾಡಿ, ಆಮೇಲೆ ಆ ರೆಕಾರ್ಡಿಂಗನ್ನು ನಿಧಾನಗತಿಯಲ್ಲಿ ಓಡಿಸಿ ಎಣಿಸಿ. ಸೆಕೆಂಡಿಗೆ ಏಳೆಂಟು ಬಂದರೆ ಶಾಫ್ಟಿನ ಜೊತೆ ಸುತ್ತುವ ಏನೋ ಒಂದು ಸಡಿಲವಾಗಿದೆ: ಜಿಂಕ್, ಕಪ್ಲಿಂಗಿನ (ಗೇರ್‌ಬಾಕ್ಸಿಗೆ ಶಾಫ್ಟ್ ಸೇರುವ ಜೋಡಣೆ) ಬೋಲ್ಟ್, ಇಲ್ಲವೇ ಸುತ್ತಿಕೊಂಡ ಹಗ್ಗದ ತುದಿ. ಹದಿನೈದು ಬಂದರೆ ರೆಕ್ಕೆಗಳ ಕಡೆ ನೋಡಬೇಕು. ಇಲ್ಲಿ ಒಂದು ವಿಷಯ ಗಮನಿಸಿ. ನಿಮ್ಮದು ನಾಲ್ಕು ಸ್ಟ್ರೋಕಿನ ಎರಡು ಸಿಲಿಂಡರ್, ಅದು ಸುತ್ತಿಗೊಂದು ಸಲ ಫೈರ್ ಆಗುತ್ತದೆ, ಅಂದರೆ 900ರಲ್ಲಿ ಅದೂ ಸೆಕೆಂಡಿಗೆ ಹದಿನೈದೇ! ಬರೀ ಎಣಿಕೆ ನಂಬಿದರೆ ಇಂಜಿನ್ ಯಾವುದು ರೆಕ್ಕೆ ಯಾವುದು ಗೊತ್ತೇ ಆಗುವುದಿಲ್ಲ. ಅದಕ್ಕೇ ನ್ಯೂಟ್ರಲ್‌ನಲ್ಲಿ ಅದೇ 900ಕ್ಕೆ ಇಟ್ಟು ಇನ್ನೊಂದು ರೆಕಾರ್ಡಿಂಗ್ ಮಾಡಿಕೊಳ್ಳಿ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಹಾಯಿದೋಣಿ ಇರುವವರಿಗೆ ಇನ್ನೊಂದು ಪರೀಕ್ಷೆ ಸುಲಭ, ಮೋಟಾರ್‌ಬೋಟಿನವರಿಗೆ ಈ ಅನುಕೂಲ ಇಲ್ಲ. ಗಾಳಿ ಚೆನ್ನಾಗಿರುವ ದಿನ ಹಾಯಿ ಬಿಚ್ಚಿ, ಐದು ನಾಟ್ ವೇಗ ಬಂದ ಮೇಲೆ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ಗೆ ಬನ್ನಿ. ನೀರಿನ ರಭಸಕ್ಕೆ ಪ್ರೊಪೆಲ್ಲರ್ ತಾನೇ ಸುತ್ತುತ್ತದೆ. ಆಗಲೂ ಟಕ್ ಟಕ್ ಕೇಳಿದರೆ ಇಂಜಿನ್ ಲೆಕ್ಕದಿಂದ ಹೊರಗೆ ಹೋಯಿತು. ನಿಮ್ಮ ಗೇರ್‌ಬಾಕ್ಸಿನ ಪುಸ್ತಕ ಒಪ್ಪಿದರೆ ರಿವರ್ಸ್ ಗೇರ್ ಹಾಕಿ ಶಾಫ್ಟ್ ನಿಲ್ಲಿಸಿ. ಶಾಫ್ಟ್ ನಿಂತ ಕೂಡಲೇ ಸದ್ದೂ ನಿಂತರೆ ತೊಂದರೆ ಸುತ್ತುವ ಭಾಗದಲ್ಲಿದೆ. ನಿಲ್ಲದಿದ್ದರೆ ಚುಕ್ಕಾಣಿಯ ಬೇರಿಂಗ್ ನೋಡಿ. ಹಾಗೇ ಆಳ ಅಳೆಯುವ ಯಂತ್ರವನ್ನೂ ಒಮ್ಮೆ ಆಫ್ ಮಾಡಿ, ಕೆಲವು ದೋಣಿಗಳಲ್ಲಿ ಅದರ ಮಿಡಿತವೇ ಟಿಕ್ ಟಿಕ್ ಅಂತ ಕೇಳುತ್ತದೆ.

ನಿಮ್ಮ ದೋಣಿಗೆ ನನಗೆ ಅನುಮಾನ ಇರುವುದು ಎರಡರ ಮೇಲೆ. ಒಂದು ಜಿಂಕ್. ಅದು ಎರಡು ಹೋಳು, ಶಾಫ್ಟನ್ನು ತಬ್ಬಿಕೊಂಡು ಸ್ಕ್ರೂನಲ್ಲಿ ಕೂರುತ್ತದೆ. ಸ್ಕ್ರೂ ಬಿಗಿ ಮಾಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬಿಗಿ ಮಾಡಬೇಕು, ಯಾಕಂದರೆ ತಟ್ಟಿದ ಮೇಲೇ ಅದು ಸರಿಯಾಗಿ ಕೂರುವುದು. ಆ ಎರಡನೇ ಸುತ್ತನ್ನು ಜನ ಮರೆತುಬಿಡುತ್ತಾರೆ. ಜಿಂಕ್ ಕೂರುವ ಜಾಗದಲ್ಲಿ ಪೇಂಟ್ ಇದ್ದರಂತೂ ಅದು ಲೋಹಕ್ಕೆ ತಾಗುವುದೇ ಇಲ್ಲ, ಸವೆಯುವ ಕೆಲಸವನ್ನೂ ಮಾಡುವುದಿಲ್ಲ. ಎರಡನೆಯದು ಕಟ್ಲೆಸ್ ಬೇರಿಂಗ್, ಅಂದರೆ ನೀರೊಳಗೆ ಶಾಫ್ಟನ್ನು ಹಿಡಿದಿಡುವ ಬೇರಿಂಗ್. ಹಿತ್ತಾಳೆ ಕೊಳವೆ, ಒಳಗೆ ಉದ್ದುದ್ದ ತೋಡುಗಳಿರುವ ರಬ್ಬರ್, ಎಣ್ಣೆ ಇಲ್ಲ ಗ್ರೀಸ್ ಇಲ್ಲ, ನೀರೇ ಅದಕ್ಕೆ ಎಣ್ಣೆ. ನಮ್ಮ ಬೋರ್‌ವೆಲ್ ಸಬ್‌ಮರ್ಸಿಬಲ್ ಪಂಪಿನ ರಬ್ಬರ್ ಬುಷ್ ಇದೆಯಲ್ವಾ, ಹೆಚ್ಚುಕಡಿಮೆ ಅದೇ ಜಾತಿ. ಸವೆದ ಬೇರಿಂಗಿನಲ್ಲಿ ಶಾಫ್ಟ್ ನಿಧಾನಕ್ಕೆ ಸುತ್ತುವಾಗ ಗೋಡೆಗೆ ಬಡಿಯುತ್ತದೆ, ವೇಗ ಹೆಚ್ಚಿದಾಗ ನೀರಿನ ಪದರ ಅದನ್ನು ಎತ್ತಿ ಹಿಡಿಯುತ್ತದೆ. 1600 ದಾಟಿದರೆ ಸದ್ದು ಮಾಯ ಎಂದಿರಲ್ಲ, ಅದು ಇದಕ್ಕೂ ಹೊಂದುತ್ತದೆ. ಜಿಂಕನ್ನು ಬೇರಿಂಗಿಗೆ ತೀರಾ ಅಂಟಿಸಿ ಹಾಕಿದ್ದರೆ ನೀರಿನ ದಾರಿ ಮುಚ್ಚಿ ಬೇರಿಂಗ್ ಒಣಗುತ್ತದೆ, ಆದರೆ ಆಗ ಬರುವುದು ಟಕ್ ಟಕ್ ಅಲ್ಲ, ಕೀಚಲು ಸದ್ದು.

ನೀವೇ ನೀರಿಗೆ ಇಳಿಯಬೇಡಿ, ದಯವಿಟ್ಟು. ಮರೀನಾದಲ್ಲಿ, ಅಂದರೆ ದೋಣಿ ಕಟ್ಟುವ ತಂಗುದಾಣದಲ್ಲಿ, ಪಕ್ಕದ ಯಾವುದೋ ದೋಣಿಯ ಕರೆಂಟ್ ನೀರಿಗೆ ಸೋರುತ್ತಿದ್ದರೆ ಜೀವಕ್ಕೇ ಅಪಾಯ. ನಿಮ್ಮ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ದೋಣಿಯ ತಳ ಉಜ್ಜುವ ಡೈವರ್‌ಗಳು ಸಿಗುತ್ತಾರೆ. ಒಬ್ಬರನ್ನು ಕರೆಸಿ, ಇಂಜಿನ್ ಕೀ ತೆಗೆದು ನಿಮ್ಮ ಜೇಬಿನಲ್ಲಿ ಇಟ್ಟುಕೊಂಡು, ಮೊದಲು ಜಿಂಕ್ ಬಿಗಿಯಾಗಿದೆಯಾ ಅಂತ, ಆಮೇಲೆ ಪ್ರೊಪೆಲ್ಲರನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಲು ಹೇಳಿ. ಕೈಗೆ ಟಕ್ ಅನ್ನಿಸುವಷ್ಟು ಪ್ಲೇ ಇದ್ದರೆ ಬೇರಿಂಗ್ ಬದಲಿಸಿ. ಬದಲಿಸಿದ ಮೇಲೆ ಅಲೈನ್‌ಮೆಂಟ್ (ಇಂಜಿನ್, ಶಾಫ್ಟ್ ಒಂದೇ ನೇರದಲ್ಲಿವೆಯಾ ಅಂತ) ನೋಡುವುದು ದೋಣಿ ನೀರಿಗೆ ಇಳಿದ ನಂತರವೇ, ಮೇಲೆತ್ತಿ ಇಟ್ಟಾಗ ಫೈಬರ್ ಒಡಲು ಸ್ವಲ್ಪ ಬಾಗಿರುತ್ತದೆ. ಕಪ್ಲಿಂಗಿನ ಎರಡು ಮುಖಗಳ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಹಾಕಿ ಸುತ್ತಲೂ ಅಳೆಯಬೇಕು. ನಾಲ್ಕು ಇಂಚಿನ ಕಪ್ಲಿಂಗಿಗೆ ಸಂದಿಯ ವ್ಯತ್ಯಾಸ 0.1 ಮಿಲಿಮೀಟರ್ ದಾಟಬಾರದು.

ನಮ್ಮೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನೀವೂ ಹಾಗೇ ಮಾಡಿ. ಗೇರ್‌ಬಾಕ್ಸ್ ಒಡಲಿನ ಮೇಲೆ, ಆಮೇಲೆ ಹಿಂದೆ ಶಾಫ್ಟ್ ಹೊರಗೆ ಹೋಗುವ ಕೊಳವೆಯ ಮೇಲೆ. ಸುತ್ತುವ ಭಾಗಕ್ಕೆ ಮಾತ್ರ ತಾಗಿಸಬೇಡಿ, ಬಟ್ಟೆ ಸಡಿಲ ಇರಬಾರದು. ಹಿಂದೆ ಜೋರಾಗಿ, ಮುಂದೆ ಮೆಲ್ಲಗೆ ಕೇಳಿದರೆ ಆ ಮೆಕ್ಯಾನಿಕ್‌ಗೂ ಸ್ಕ್ರೂಡ್ರೈವರ್ ಕೊಟ್ಟು ಕೇಳಿಸಿ.

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸಾಸಲಿಟೊದಲ್ಲಿ ದೋಣಿಯಲ್ಲೇ ವಾಸ. ಸಂಜೆ ಇಂಜಿನ್ ಹಾಕಿಕೊಂಡು ಬಂದು ದೋಣಿ ಕಟ್ಟಿ ಆಫ್ ಮಾಡಿದರೂ, ರಾತ್ರಿ ತಳದಿಂದ ಗುಂಯ್ ಅಂತ ಒಂದೇ ಸಮನೆ ಸದ್ದು. ಇಂಜಿನ್ನಿನಲ್ಲಿ ಏನೋ ಓಡುತ್ತಲೇ ಇದೆಯಾ?

ಉತ್ತರ: ಮೊದಲು ದಡದಿಂದ ಬರುವ ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿ. ಬ್ಯಾಟರಿ ಚಾರ್ಜರ್ ಆಗಿದ್ದರೆ ಆ ಕ್ಷಣವೇ ನಿಲ್ಲುತ್ತದೆ, ಅಮೆರಿಕದ ಕರೆಂಟಿನಲ್ಲಿ ಟ್ರಾನ್ಸ್‌ಫಾರ್ಮರ್ 120 ಹರ್ಟ್ಸ್‌ಗೆ ಗುಂಯ್‌ಗುಡುತ್ತದೆ. ನಿಲ್ಲದಿದ್ದರೆ, ಅದರಲ್ಲೂ ಬೇಸಿಗೆಯಾಗಿದ್ದರೆ, ಅದು ಮೀನಿರಬಹುದು!

ನಿಮ್ಮೂರಿನಲ್ಲಿ ಇದಕ್ಕೆ ದೊಡ್ಡ ಇತಿಹಾಸವೇ ಇದೆ. 1980ರ ದಶಕದಲ್ಲಿ ಅಲ್ಲಿನ ತೇಲುಮನೆಗಳ ಜನ ಇದೇ ಸದ್ದಿಗೆ ನಿದ್ದೆ ಕೆಟ್ಟು, ಒಳಚರಂಡಿ ಪಂಪು, ನೌಕಾಪಡೆ ಅಂತೆಲ್ಲ ಅನುಮಾನಪಟ್ಟಿದ್ದರು. ಕೊನೆಗೆ ಸಿಕ್ಕಿದ್ದು ಮಿಡ್‌ಶಿಪ್‌ಮನ್ ಎಂಬ ಮೀನು. ಹೊಟ್ಟೆಯ ಮೇಲೆ ಬೆಳಕು ಬೀರುವ ಚುಕ್ಕೆಗಳ ಸಾಲು, ನೌಕಾಪಡೆಯ ಅಂಗಿಯ ಗುಂಡಿಗಳ ಹಾಗೆ, ಹೆಸರು ಬಂದಿದ್ದೇ ಅದರಿಂದ. ಗಂಡು ಮೀನು ದಡದ ಕಲ್ಲಿನ ಕೆಳಗೆ ಗೂಡು ಮಾಡಿ, ಗಾಳಿಚೀಲದ ಸ್ನಾಯುವನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಮಿಡಿದು ಹೆಣ್ಣನ್ನು ಕರೆಯುತ್ತದೆ. ಒಂದೇ ಉಸಿರಿಗೆ ಎಂಬ ಹಾಗೆ ಒಂದು ಗಂಟೆಗೂ ಜಾಸ್ತಿ ಹೊತ್ತು. ನಿಮ್ಮ ಫೈಬರ್ ಒಡಲು ಅದಕ್ಕೆ ತಂಬೂರಿಯ ಬುರುಡೆ ಇದ್ದ ಹಾಗೆ.

ತಳಕ್ಕೆ ಅಂಗೈಯಿಂದ ಜೋರಾಗಿ ಎರಡು ಸಲ ತಟ್ಟಿ ನೋಡಿ. ಮೀನಾದರೆ ಸುಮ್ಮನಾಗಿ ಸ್ವಲ್ಪ ಹೊತ್ತಿಗೆ ಮತ್ತೆ ಶುರು ಮಾಡಬಹುದು, ಚಾರ್ಜರ್ ಹಾಗೆ ಮಾಡುವುದಿಲ್ಲ. ಓಡಿಸಲು ಹೋಗಬೇಡಿ. ಹೆಣ್ಣು ಮೊಟ್ಟೆ ಇಟ್ಟು ಹೊರಟು ಹೋಗುತ್ತದೆ, ಆ ಕಲ್ಲಿನ ಕೆಳಗೆ ಕಾವಲಿಗೆ ಉಳಿಯುವುದು ಈ ಗಂಡೇ.