ರಾಕ್‌ವೆಲ್ ಚಿತ್ರದ ಹುಡುಗಿ ‘ನಾನು ಚೆನ್ನಾಗಿಲ್ಲ’ ಅಂತ ಕೊರಗುತ್ತಿದ್ದಾಳಾ?

ಸೆಮಿನಾರ್‌ಗೆ ಬರೆದ ಟಿಪ್ಪಣಿಯನ್ನು ನೀವು ಕನ್ನಡಿ ಮುಂದೆ ಕೂತ ಹುಡುಗಿಯ ತೊಡೆ ಮೇಲಿನ ಪತ್ರಿಕೆಯಿಂದ ಶುರು ಮಾಡಿದ್ದೀರಿ. ಅದಕ್ಕೇ ಅಮೆರಿಕದ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಅವರ ‘ಗರ್ಲ್ ಅಟ್ ಮಿರರ್’ (1954) ಬರೀ ಕೊರಗಿನ ಚಿತ್ರವಾಗಿ ಕಾಣುತ್ತಿದೆ. ಆ ಪತ್ರಿಕೆಯಲ್ಲಿ ಸಿನಿಮಾ ನಟಿಯ ಫೋಟೋ ಹಾಕಬಾರದಿತ್ತು ಎಂದು ರಾಕ್‌ವೆಲ್ ಅವರೇ ಆಮೇಲೆ ಹೇಳಿದ್ದಾರೆ. ಹುಡುಗಿ ನಟಿಯ ಜೊತೆ ಹೋಲಿಸಿಕೊಳ್ಳುತ್ತಿಲ್ಲ, ತನ್ನ ಚೆಲುವನ್ನು ತಾನೇ ಅಂದಾಜು ಮಾಡುತ್ತಿದ್ದಾಳೆ, ಅಷ್ಟೇ.

ದೊಡ್ಡ ಕಲರ್ ಪ್ರಿಂಟ್ ತೆಗೆಸಿ, ಪತ್ರಿಕೆಯನ್ನು ಬೆರಳಿಂದ ಮುಚ್ಚಿ ನೋಡಿ. ಅವಳ ಬೆನ್ನು ನಮ್ಮ ಕಡೆ ಇದೆ. ಮುಖ ಸಿಗುವುದು ಕನ್ನಡಿಯಲ್ಲಿ ಮಾತ್ರ. ಅವಳು ಕಂಡ ಮುಖವೇ ನಮಗೂ ಕಾಣುವುದು, ಅಲ್ವಾ? ಚಿತ್ರದ ಜೀವ ಇಲ್ಲೇ ಇದೆ. ನಿಮ್ಮ ದಾವಣಗೆರೆ ಕಾಲೇಜಿನ ಸೆಮಿನಾರ್‌ನಲ್ಲಿ ಇದಕ್ಕೇ ಜಾಸ್ತಿ ಹೊತ್ತು ಕೊಡಿ.

ಆಮೇಲೆ ನೆಲಕ್ಕೆ ಬನ್ನಿ: ಬಾಚಣಿಗೆ, ಲಿಪ್‌ಸ್ಟಿಕ್, ಪಕ್ಕಕ್ಕೆ ಎಸೆದ ಗೊಂಬೆ. ಗೊಂಬೆ ಇನ್ನೂ ಹತ್ತಿರದಲ್ಲೇ ಇರುವುದರಿಂದ ಬಾಲ್ಯ ಪೂರ್ತಿ ಮುಗಿದಿಲ್ಲ ಅನಿಸುತ್ತದೆ. ಇದು ನನ್ನ ಊಹೆ. ನೀವೂ ಊಹೆ ಅಂತಲೇ ಹೇಳಿ. ಪತ್ರಿಕೆಯ ವಿಷಯ ಕೊನೆಗೆ ಬರಲಿ.