ಉಪ್ಪುನೀರಿನ ನೆಬ್ಯುಲೈಸರ್: ಎಳೆದರೆ ಸಾಲದು, ಕಫ ಹೊರಗೆ ಬರಬೇಕು

ಪ್ರಶ್ನೆ: ಅಪ್ಪನಿಗೆ 64 ವರ್ಷ. ಹಿಂದೆ ಕ್ಷಯ ಬಂದು ವಾಸಿಯಾಗಿತ್ತು. ಈಗ ಬ್ರಾಂಕಿಯೆಕ್ಟೇಸಿಸ್ (ಶ್ವಾಸನಾಳಗಳು ಹಿಗ್ಗಿ ಕಫ ತುಂಬಿಕೊಳ್ಳುವ ಕಾಯಿಲೆ) ಎಂದು ಮಂಗಳೂರಿನ ವೈದ್ಯರು ಹೇಳಿ, ಶೇ 3ರ ಸಲೈನ್ (ಉಪ್ಪುನೀರು) 4 ಎಂ.ಎಲ್. ದಿನಕ್ಕೆ ಎರಡು ಸಲ ನೆಬ್ಯುಲೈಸರಿನಲ್ಲಿ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಮಷಿನ್) ಎಳೆಯಲು ಬರೆದಿದ್ದಾರೆ. ಎಳೆದ ಕೂಡಲೇ ಎದೆ ಬಿಗಿಯುತ್ತದೆ. ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರು ಕುದಿಸಿ ಕಲ್ಲುಪ್ಪು ಹಾಕಿದರೆ ಸಾಲದೇ ಎಂದು ನೆರೆಯವರು ಕೇಳುತ್ತಾರೆ. ಅಪ್ಪನಿಗೆ ಬಿ.ಪಿ.ಯೂ ಇದೆ, ಉಪ್ಪು ಹೆಚ್ಚಾಗದೇ?
– ಬದಿಯಡ್ಕ ಸಮೀಪದ ಓದುಗರು

ಉತ್ತರ: ಮೊದಲು ಎದೆ ಬಿಗಿಯುವ ವಿಷಯ. ರಕ್ತದಲ್ಲಿರುವುದಕ್ಕಿಂತ ಹೆಚ್ಚು ಉಪ್ಪಿರುವ ದ್ರಾವಣ ಶ್ವಾಸನಾಳದೊಳಗೆ ಹೋದಾಗ ನಾಳದ ಗೋಡೆಯಿಂದ ನೀರನ್ನು ಸೆಳೆಯುತ್ತದೆ. ಅಂಟಿಕೊಂಡ ಕಫ ಸಡಿಲವಾಗುವುದು ಅದರಿಂದಲೇ. ಅದೇ ಉಪ್ಪು ಕೆಲವರ ನಾಳಗಳನ್ನು ಕೆರಳಿಸಿ ಬಿಗಿಸುವುದೂ ಉಂಟು. ಆದ್ದರಿಂದ ಮೊದಲ ಡೋಸ್ ಆಸ್ಪತ್ರೆಯಲ್ಲೇ, ಊದುವ ಪರೀಕ್ಷೆ ಮಾಡಿಸಿ ಕೊಡುವುದು ಕ್ರಮ. ಅಪ್ಪನಿಗೆ ಹಾಗೆ ಆಗಿಲ್ಲದಿದ್ದರೆ ಮುಂದಿನ ಡೋಸಿಗೆ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಸಲೈನಿಗೆ 10–15 ನಿಮಿಷ ಮೊದಲು ಸಾಲ್ಬುಟಮಾಲ್ (ಮೆಡಿಕಲಿನಲ್ಲಿ ಅಸ್ತಾಲಿನ್ ಎಂದು ಕೇಳುತ್ತೀರಲ್ಲ, ಅದು) ಸ್ಪೇಸರಿನಲ್ಲಿ (ಇನ್‌ಹೇಲರಿಗೆ ಜೋಡಿಸುವ ಡಬ್ಬಿ) ಎಳೆಯಲು ಹೇಳುತ್ತಾರೆ. ಚೀಟಿಯಲ್ಲಿ ಅದು ಬಿಟ್ಟುಹೋಗಿದೆಯೇ ನೋಡಿ. ಮನೆಯಲ್ಲಿ ಪೀಕ್ ಫ್ಲೋ ಮೀಟರ್ (ಎಷ್ಟು ಜೋರಾಗಿ ಊದಬಲ್ಲರೆಂದು ಅಳೆಯುವ ಸಾಧನ) ಇಟ್ಟುಕೊಂಡರೆ ಊಹೆ ಬೇಕಾಗಿಲ್ಲ. ಸಲೈನಿಗೆ ಮುಂಚೆ 300 ಇದ್ದದ್ದು ಮುಗಿದ ಮೇಲೆ 255ಕ್ಕೆ, ಎಂದರೆ ಶೇ 15ರಷ್ಟು ಇಳಿದರೆ ಅಲ್ಲಿಗೇ ನಿಲ್ಲಿಸಿ, ಸಾಲ್ಬುಟಮಾಲ್ ಕೊಟ್ಟು ವೈದ್ಯರಿಗೆ ತಿಳಿಸಿ. ಕೆಮ್ಮು ಮಾತ್ರ ಹೆಚ್ಚಾಗಿ ಕಫ ಬರುತ್ತಿದ್ದರೆ ಗಾಬರಿ ಬೇಡ, ಬೇಕಾದದ್ದು ಅದೇ. ಕಫದಲ್ಲಿ ರಕ್ತ ಕಂಡರೆ ಸಲೈನ್ ನಿಲ್ಲಿಸಿ, ಅದೇ ದಿನ ತೋರಿಸಿ. ಹಳೆಯ ಕ್ಷಯದ ಗಾಯವಿರುವ ಶ್ವಾಸಕೋಶದಲ್ಲಿ ಇದನ್ನು ಹಗುರವಾಗಿ ಕಾಣಬಾರದು.

ಸುರಂಗದ ನೀರು ಕುಡಿಯಲು ಒಳ್ಳೆಯದೇ. ಆದರೆ ಹೊಟ್ಟೆಗೆ ಇಳಿದ ನೀರಿಗೆ ಅಲ್ಲಿ ಆಮ್ಲದ ಕಾವಲಿದೆ, ಹಿಗ್ಗಿ ಕಫ ತುಂಬಿದ ಶ್ವಾಸನಾಳದಲ್ಲಿ ಅಂಥದ್ದೇನೂ ಇಲ್ಲ. ಕುದಿಸಿ ಆರಿಸುವಷ್ಟರಲ್ಲಿ ಪಾತ್ರೆ, ಚಮಚ, ಕೈ ಎಲ್ಲದರಿಂದಲೂ ಸೂಡೊಮೊನಾಸ್‌ನಂಥ ರೋಗಾಣು ಮತ್ತೆ ಸೇರಬಹುದು. ಒಮ್ಮೆ ಅದು ಬ್ರಾಂಕಿಯೆಕ್ಟೇಸಿಸಿನಲ್ಲಿ ಬೇರೂರಿದರೆ ಓಡಿಸುವುದು ಬಹಳ ಕಷ್ಟ. ಅಳತೆಯೂ ಸರಿ ಹೋಗುವುದಿಲ್ಲ: ಶೇ 3 ಎಂದರೆ 100 ಎಂ.ಎಲ್.ಗೆ ಸರಿಯಾಗಿ 3 ಗ್ರಾಂ. ಕಲ್ಲುಪ್ಪಿನ ಚಮಚಕ್ಕೆ ಅಂಥ ಲೆಕ್ಕ ಗೊತ್ತಿಲ್ಲ. ಒಂದು ಸಲಕ್ಕೆ ಒಂದರಂತೆ ಒಡೆಯುವ ಸಣ್ಣ ರೆಸ್ಪ್ಯೂಲನ್ನೇ ತನ್ನಿ, ಉಳಿದದ್ದನ್ನು ಚೆಲ್ಲಿ.

ಬಿ.ಪಿ. ಭಯಕ್ಕೆ ಲೆಕ್ಕವೇ ಉತ್ತರ. 4 ಎಂ.ಎಲ್.ನಲ್ಲಿ 0.12 ಗ್ರಾಂ ಉಪ್ಪು, ಎರಡು ಹೊತ್ತಿಗೆ 0.24 ಗ್ರಾಂ. ಅದರಲ್ಲೂ ಒಂದು ಪಾಲು ನೆಬ್ಯುಲೈಸರಿನ ಔಷಧ ಹಾಕುವ ಕಪ್ಪಿನಲ್ಲಿ, ಇನ್ನೊಂದು ಪಾಲು ಉಸಿರಿನೊಂದಿಗೆ ಹೊರಗೆ. ಊಟದ ಜೊತೆಯ ಉಪ್ಪಿನಕಾಯಿಯ ಬಗ್ಗೆ ಅಪ್ಪನಿಗೆ ಹೇಳುವುದು ಇದಕ್ಕಿಂತ ಅಗತ್ಯ.

ಇನ್ನು ಎಳೆಯುವ ಕ್ರಮ. ನೇರವಾಗಿ ಕುಳಿತು, ಕಪ್ಪನ್ನು ಓರೆ ಮಾಡದೆ, ಮಾಸ್ಕಿಗಿಂತ ಬಾಯಲ್ಲಿ ಹಿಡಿಯುವ ಕೊಳವೆಯಿಂದಲೇ ಎಳೆಯಲಿ. ಮೂಗಿನಲ್ಲಿ ಎಳೆದರೆ ಹನಿ ಮೂಗಲ್ಲೇ ಉಳಿಯುತ್ತದೆ. ಉಸಿರು ಸಾಧಾರಣವಾಗಿರಲಿ, ನಡುವೆ ಒಮ್ಮೊಮ್ಮೆ ದೀರ್ಘವಾಗಿ ತೆಗೆದುಕೊಳ್ಳಲಿ. 4 ಎಂ.ಎಲ್.ಗೆ 10–15 ನಿಮಿಷ ಬೇಕು. ಕಪ್ಪು ಪಟಪಟ ಸದ್ದು ಮಾಡಿದಾಗ ಬೆರಳಿಂದ ತಟ್ಟಿ. ಆ ಮೇಲೂ ಸದ್ದೇ ಆದರೆ ಮುಗಿಯಿತು; ತಳದಲ್ಲಿ ಸುಮಾರು 1 ಎಂ.ಎಲ್. ಉಳಿಯುವುದು ಸಹಜ. 20 ನಿಮಿಷ ದಾಟಿದರೂ ಹೊಗೆ ತೆಳುವಾಗಿದ್ದರೆ ತೂತಿನಲ್ಲಿ ಉಪ್ಪು ಹರಳುಗಟ್ಟಿರಬಹುದು, ಇಲ್ಲವೇ ಕಪ್ಪು ಹಳತಾಗಿರಬಹುದು. ಮೆಶ್ ಮಾದರಿಯ (ಸಣ್ಣ ತೂತುಗಳ ಜಾಲರಿಯಿರುವ) ಕೈ ನೆಬ್ಯುಲೈಸರಿನಲ್ಲಿ ಉಪ್ಪಿನ ಈ ತೊಂದರೆ ಇನ್ನೂ ಬೇಗ ಬರುತ್ತದೆ.

ಮುಗಿದ ಕೂಡಲೇ ಎದ್ದು ಹೋದರೆ ಮಾಡಿದ್ದೆಲ್ಲ ವ್ಯರ್ಥ. ಕಫವನ್ನು ಹೊರತರುವುದಕ್ಕೇ ಇದೆಲ್ಲ. ಗಂಟಲು ಬಿಗಿಹಿಡಿದು ಕೆಮ್ಮುವುದಲ್ಲ. ಮಧ್ಯಮ ಉಸಿರು ತೆಗೆದುಕೊಂಡು, ಬಾಯಿ ತೆರೆದು, ಕನ್ನಡಕದ ಗಾಜಿಗೆ ಆವಿ ಹಿಡಿಸುವಂತೆ ‘ಹಾ’ ಎಂದು ಜೋರಾಗಿ ಊದಬೇಕು. ಎರಡು ಮೂರು ಸಲ ಹಾಗೆ ಮಾಡಿ, ಅರ್ಧ ನಿಮಿಷ ಶಾಂತವಾಗಿ ಉಸಿರಾಡಿ, ಮತ್ತೆ. ಫಿಸಿಯೊಥೆರಪಿಸ್ಟ್ ಒಮ್ಮೆ ಕಲಿಸಿಕೊಟ್ಟರೆ ಉತ್ತಮ. ಇನ್‌ಹೇಲರ್ ಸ್ಟೀರಾಯ್ಡ್ ಇದ್ದರೆ ಅದು ಕಫ ಹೋದ ಮೇಲೆ. ರಾತ್ರಿಯ ಡೋಸನ್ನು ಮಲಗುವ ಹೊತ್ತಿಗೆ ಇಡಬೇಡಿ, ಸಂಜೆಯೇ ಮುಗಿಸಿ. ಕಫದಲ್ಲಿ ಕ್ಷಯ ಮರುಕಳಿಸಿಲ್ಲವೆಂದು ಪರೀಕ್ಷೆಯಿಂದ ಖಚಿತವಾಗಿರಬೇಕು. ಹೇಗಿದ್ದರೂ ಜಗಲಿಯಲ್ಲಿ ಗಾಳಿಯಾಡುವ ಕಡೆ ಕುಳ್ಳಿರಿಸಿ, ಮಕ್ಕಳು ಹತ್ತಿರ ಬೇಡ.

ಕಪ್ಪು ಮತ್ತು ಬಾಯಿಕೊಳವೆಯನ್ನು ಪ್ರತಿ ಸಲ ಸೋಪು ನೀರಲ್ಲಿ ತೊಳೆಯಿರಿ. ಕಂಪನಿಯ ಕೈಪಿಡಿ ಒಪ್ಪುವುದಾದರೆ ದಿನಕ್ಕೊಮ್ಮೆ 5 ನಿಮಿಷ ಕುದಿಸಿ. ಗಾಳಿಯ ಟ್ಯೂಬ್ ಮಾತ್ರ ತೊಳೆಯಬಾರದು. ಒಳಗೆ ತೇವ ಕಂಡರೆ ಕಪ್ಪು ಬಿಡಿಸಿ ಮಷಿನನ್ನು ಒಂದೆರಡು ನಿಮಿಷ ಓಡಿಸಿ. ಆಟಿಯ ಮಳೆಯಲ್ಲಿ ನಮ್ಮ ಕಡೆ ಏನೂ ಒಣಗುವುದಿಲ್ಲ. ಒದ್ದೆ ಕಪ್ಪನ್ನು ಡಬ್ಬಿಗೆ ಹಾಕಿ ಮುಚ್ಚುವ ಬದಲು ಎರಡು ಕಪ್ಪು ಇಟ್ಟುಕೊಂಡು ಸರದಿಯಲ್ಲಿ ಬಳಸಿ.

ಎಷ್ಟು ಕಾಲ ಎಳೆಯಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆಯವರಿಗೆ ಶೇ 7ರ ಸಲೈನಿನಿಂದ ಕಾಯಿಲೆ ಉಲ್ಬಣಿಸುವುದು ಕಡಿಮೆಯಾದದ್ದನ್ನು 2006ರ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಬ್ರಾಂಕಿಯೆಕ್ಟೇಸಿಸಿನಲ್ಲಿ ಶೇ 6ರ ಸಲೈನನ್ನು ಒಂದು ವರ್ಷ ಕೊಟ್ಟು ನೋಡಿದ ಬ್ರಿಟನ್ನಿನ ಅಧ್ಯಯನ (2025) ಅಂಥ ಸ್ಪಷ್ಟ ಲಾಭವನ್ನು ಕಾಣಲಿಲ್ಲ. ಕಫ ತೆಗೆಯಲು ಸುಲಭವಾದರೆ ಮುಂದುವರಿಸುವುದು, ಮೂರು ತಿಂಗಳಾದರೂ ವ್ಯತ್ಯಾಸ ಇಲ್ಲದಿದ್ದರೆ ಬೇಕೇ ಎಂದು ವೈದ್ಯರನ್ನೇ ಕೇಳುವುದು ಸರಿ ಎಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ನನಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ). ಮನೆಯಲ್ಲಿ 500 ಎಂ.ಎಲ್. ಗ್ಲೂಕೋಸ್ ಬಾಟಲಿ ಉಳಿದಿದೆ. ಸಿರಿಂಜಿನಿಂದ ತೆಗೆದು ದಿನಾ ಎಳೆಯಬಹುದೇ?
– ಮಂಜೇಶ್ವರದ ಓದುಗರು

ಉತ್ತರ: ಬೇಡ. ‘ಗ್ಲೂಕೋಸ್ ಬಾಟಲಿ’ ಎಂದು ನಾವು ಕರೆಯುವುದರಲ್ಲಿ ಎನ್‌ಎಸ್ ಎಂದಿದ್ದರೆ ಶೇ 0.9 ಉಪ್ಪು ಮಾತ್ರ, ಡಿಎನ್‌ಎಸ್ ಎಂದಿದ್ದರೆ ಸಕ್ಕರೆಯೂ ಇದೆ. ಎರಡನೆಯದು ಶ್ವಾಸಕೋಶಕ್ಕೆ ಸಲ್ಲದು. ಎನ್‌ಎಸ್ ಆದರೂ ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇಲ್ಲ, ಒಮ್ಮೆ ಸೂಜಿ ಚುಚ್ಚಿದ ಬಾಟಲಿಯನ್ನು ದಿನಗಟ್ಟಲೆ ಇಡಬಾರದು. ಔಷಧ ತೆಳು ಮಾಡಲು ಬೇಕಿದ್ದರೆ ಸಣ್ಣ ಆಂಪ್ಯೂಲ್ ಕೊಳ್ಳಿ. ಕಫ ಅಷ್ಟಾಗಿ ಇಲ್ಲದ ಸಿಒಪಿಡಿಗೆ ಬರೀ ಸಲೈನ್ ಎಳೆಯುವುದರಿಂದ ದೊಡ್ಡ ಪ್ರಯೋಜನವಿಲ್ಲ. ಮೊದಲು ನಿಮ್ಮ ಇನ್‌ಹೇಲರನ್ನು ಸರಿಯಾಗಿ ಎಳೆಯುತ್ತಿದ್ದೀರೋ ಎಂದು ವೈದ್ಯರ ಎದುರೇ ಒಮ್ಮೆ ಎಳೆದು ತೋರಿಸಿ.