6 ವರ್ಷದ ಮಗಳು, 9 ವರ್ಷದ ಮಗ: ಸರಿಗಮ ಎಲ್ಲಿಂದ ಶುರು ಮಾಡಬೇಕು?

ಅಕ್ಕಾರೇ, ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮಗಳಿಗೆ 6 ವರ್ಷ, ಮಗನಿಗೆ 9. ಹಾವೇರಿಯಲ್ಲಿ ನಿಮ್ಮ ಮನೆ ಹತ್ತಿರ ಸಂಗೀತದ ಕ್ಲಾಸ್ ಇಲ್ಲ. ನೀವು ಭಜನೆ ಹಾಡುತ್ತೀರಿ, ಆದರೆ ಸ್ವರ ಕಲಿತಿಲ್ಲ. ಮೊಬೈಲ್ ನೋಡಿ ಹೇಳಿಕೊಡಲು ಹೋದರೆ ಎರಡು ವಿಡಿಯೊದಲ್ಲಿ ಎರಡು ಥರ ಸರಿಗಮ ಬರುತ್ತಿದೆ. ಹಾರ್ಮೋನಿಯಂ ಕೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾನು ಧಾರವಾಡದಲ್ಲಿ ಮನೆಯಲ್ಲೇ ಸಣ್ಣ ಮಕ್ಕಳಿಗೆ ಹೇಳಿಕೊಡುತ್ತೇನೆ. ಕಂಡದ್ದನ್ನು ಬರೆಯುತ್ತೇನೆ.

ಹಾರ್ಮೋನಿಯಂ ಈಗ ಬೇಡ. ಕೀ ಒತ್ತಿದರೆ ಸ್ವರ ತಾನೇ ಬರುತ್ತದೆ, ಮಗು ಹುಡುಕುವ ಕೆಲಸವೇ ಇರುವುದಿಲ್ಲ. ಕಣ್ಣು ಕೀ ಮೇಲೆ, ಕಿವಿ ಖಾಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಿಸಿಕೊಳ್ಳಿ. ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಎಷ್ಟೋ ಅಂಧ ಮಕ್ಕಳು ಅಲ್ಲಿ ಕಿವಿಯಿಂದಲೇ ಕಲಿತು ಗವಾಯಿಗಳಾದರು.

ಎರಡು ಥರ ಸರಿಗಮದ ವಿಷಯ ಹೀಗಿದೆ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಮಾಯಾಮಾಳವಗೌಳ ರಾಗದಲ್ಲಿ ಶುರುವಾಗುತ್ತದೆ. ಅಲ್ಲಿ ರಿ, ಧ ಕೆಳಗಿನವು, ನಮ್ಮ ಹಿಂದೂಸ್ತಾನಿ ಲೆಕ್ಕದಲ್ಲಿ ಕೋಮಲ. ನಮ್ಮ ಕಡೆ ಹಿಂದೂಸ್ತಾನಿಯಲ್ಲಿ ಸಾಮಾನ್ಯವಾಗಿ ಬಿಲಾವಲ್‌ನಿಂದ, ಅಂದರೆ ಎಲ್ಲ ಶುದ್ಧ ಸ್ವರಗಳಿಂದ ಶುರು ಮಾಡುತ್ತೇವೆ. ಎರಡೂ ಸರಿ. ಆದರೆ ಒಂದನ್ನು ಆರಿಸಿಕೊಂಡು ಎರಡನೇ ವಿಡಿಯೊ ಮುಚ್ಚಿಬಿಡಿ. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ಅವಳ ಕಿವಿಯಲ್ಲಿ ಎರಡೂ ಕಲೆಯಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರು. ನೀವು ಅಷ್ಟು ಮಾಡಬೇಕಾಗಿಲ್ಲ, ಸುಮ್ನೆ ಒಂದು ವಿಡಿಯೊ ಬಿಟ್ಟರೆ ಸಾಕು.

ಮೊದಲ ತಿಂಗಳು ಸಾ ಒಂದೇ. ಮೊಬೈಲ್‌ನಲ್ಲಿ ತಂಬೂರಿ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದನ್ನು ಹಚ್ಚಿ, ದಿನಾ 10 ನಿಮಿಷ ಜೊತೆಗೆ ಕುಳಿತುಕೊಳ್ಳಿ. ಶ್ರುತಿ, ಅಂದರೆ ಸಾ ಇರುವ ಎತ್ತರ, ಮಕ್ಕಳದ್ದು ಇರಲಿ. ಮನೆಯ ಗಂಡಸರು ಕರಿ ಒಂದು, ಕರಿ ಎರಡರಲ್ಲಿ (ಹಾರ್ಮೋನಿಯಂನ ಕಪ್ಪು ಕೀಗಳ ಶ್ರುತಿ) ಹಾಡುತ್ತಾರೆಂದು ಅದನ್ನೇ ಇಟ್ಟರೆ ಮಗುವಿಗೆ ಒಗ್ಗುವುದಿಲ್ಲ. ಸಾ ಗಂಟಲಲ್ಲೇ ಉಳಿಯಬಾರದು, ಮೇಲಿನ ಸಾ ಕೂಗಾಗಬಾರದು. ಅಂಥ ಶ್ರುತಿ ಸಿಗುವ ತನಕ ಆ್ಯಪ್‌ನಲ್ಲಿ ಒಂದೊಂದೇ ಮೇಲೆ ಕೆಳಗೆ ಮಾಡಿ ನೋಡಿ. ಸಾ ನಿಂತ ಮೇಲೆ ಪ ಸೇರಿಸಿ. ಆಟ ಮಾಡಿ: ನೀವು ಸ್ವರದ ಹೆಸರು ಹೇಳದೆ ಬರೀ "ಆ" ಅಂತ ಹಾಡಿ, ಸಾ ಬಂದರೆ ಕೈ ಮೊಣಕಾಲಿಗೆ, ಪ ಬಂದರೆ ತಲೆಗೆ. ಸಣ್ಣವಳು ಇದರಲ್ಲಿ ಅಣ್ಣನನ್ನು ಗೆದ್ದರೂ ಗೆಲ್ಲಬಹುದು.

ಸ್ವರ ಸೇರದಿದ್ದರೆ ದಯವಿಟ್ಟು "ಬೇಸುರ" ಅನ್ನಬೇಡಿ. ನನ್ನ ಹತ್ತಿರ ಒಬ್ಬ ಹುಡುಗಿ ಬಂದಿದ್ದಳು. ಶಾಲೆಯಲ್ಲಿ ಅವಳಿಗೆ ಹಿಂದೆ ನಿಂತು ಬರೀ ತುಟಿ ಅಲ್ಲಾಡಿಸು ಅಂದಿದ್ದರಂತೆ. ಎರಡು ತಿಂಗಳು ಏನು ಕೇಳಿದರೂ ಒಂದೇ ಕೆಳಗಿನ ದನಿ. ಕೊನೆಗೆ ನಾನು ಹಾಡಿ ತೋರಿಸುವುದು ಬಿಟ್ಟೆ. ಅವಳು ತೆಗೆದ ದನಿಯನ್ನೇ ಸಾ ಅಂತ ಹಿಡಿದು ತಂಬೂರಿಯನ್ನು ಅದಕ್ಕೆ ಇಳಿಸಿದೆ, ನಾನೂ ಅಲ್ಲಿಗೇ ಹೋಗಿ ಜೊತೆಗೂಡಿದೆ. ಎರಡು ದನಿ ಒಂದಾದದ್ದು ಅವಳಿಗೆ ಅವತ್ತೇ ಮೊದಲ ಸಲ ಕೇಳಿಸಿತು. ಕಣ್ಣರಳಿಸಿ ನನ್ನನ್ನೇ ನೋಡಿದಳು. ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಶ್ರುತಿ ಏರಿಸಿದೆ, ಅವಳೂ ಏರಿದಳು. ಈಗ ಚೆನ್ನಾಗಿ ಹಾಡುತ್ತಾಳೆ.

ಆಮೇಲೆ ಏಳೂ ಸ್ವರ ಒಟ್ಟಿಗೆ ಬೇಡ. ಗ-ಮ, ನಿ-ಸಾ ನಡುವಿನ ಅಂತರ ಕಡಿಮೆ, ಮಕ್ಕಳು ಜಾರುವುದು ಅಲ್ಲೇ. ಸಾ ರೇ ಗ ಪ ಧ ಐದೇ ಸಾಕು, ಅದು ಭೂಪಾಲಿ ರಾಗ. ಸಾರೇಗ, ರೇಗಪ, ಗಪಧ, ಪಧಸಾ ಅಂತ ಹತ್ತಿ, ಸಾಧಪ, ಧಪಗ, ಪಗರೇ, ಗರೇಸಾ ಅಂತ ಇಳಿಯಿರಿ. ಮೆಟ್ಟಿಲಿನಂತೆ ಕೈ ಏರಿಸಿ ಇಳಿಸಲಿ. ಬರೆಸುವುದು ಮಗನಿಗೆ ಮಾತ್ರ, ಅದೂ ಬಾಯಿಗೆ ಬಂದದ್ದನ್ನು ಮಾತ್ರ.

ತಾಳ ನಿಮ್ಮ ಅಡುಗೆಮನೆಯಲ್ಲೇ ಇದೆ. ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿ. ರೊಟ್ಟಿ ಎಷ್ಟು ಅಗಲವಾದರೂ ಕೈಯ ಓಟ ಒಂದೇ ಸಮ. ಅದೇ ಲಯ ಅಲ್ವಾ? ನೀವು ಬಡಿಯುವಾಗ ಮಕ್ಕಳು ಪಕ್ಕದಲ್ಲಿ ಕುಳಿತು ನಾಲ್ಕು ಬಡಿತಕ್ಕೊಂದು ಚಪ್ಪಾಳೆ ಹಾಕಲಿ. ಇದು ಹದಕ್ಕೆ ಬಂದ ಮೇಲೆ ಕೆಹರವಾ ತಾಳ. ಎಷ್ಟೋ ಭಜನೆ ಇದೇ ತಾಳದಲ್ಲಿವೆ, ನಿಮ್ಮ ಕೈಗೆ ಇದು ಗೊತ್ತು. 8 ಮಾತ್ರೆ, ಅಂದರೆ 8 ಎಣಿಕೆ. ತಬಲಾದ ಬೋಲ್ ಹೀಗೆ: ಧಾ ಗೆ ನ ತಿ, ನ ಕ ಧಿ ನ. ಧಾಕ್ಕೆ ಚಪ್ಪಾಳೆ, ಐದನೆಯದಕ್ಕೆ ಖಾಲಿ, ಕೈ ಬಿಚ್ಚಿ ತೋರಿಸುವುದು. ಅಂಗಳದಲ್ಲಿ ಹೆಜ್ಜೆಗೊಂದು ಮಾತ್ರೆ ಹೇಳುತ್ತ ನಡೆಸಿ. ಕುಳಿತು ಕಲಿತದ್ದಕ್ಕಿಂತ ನಡೆದು ಕಲಿತದ್ದು ಬೇಗ ಮೈಗೆ ಹತ್ತುತ್ತದೆ.

ಆಮೇಲೆ ಒಂದು ಪರೀಕ್ಷೆ. ಧಾ ಮಾತ್ರ ಜೋರಾಗಿ, ಉಳಿದ ಏಳು ಮನಸ್ಸಿನಲ್ಲಿ. ಮುಂದಿನ ಧಾಕ್ಕೆ ಇಬ್ಬರೂ ಒಟ್ಟಿಗೆ ಬಂದರೆ ತಾಳ ಒಳಗೆ ಕುಳಿತಿದೆ ಅಂತ ತಿಳಿಯಿರಿ. ಮಕ್ಕಳು ಓಡುವುದೇ, ಅಂದರೆ ಲಯ ಬಿಟ್ಟು ಬೇಗ ಬೇಗ ಹೇಳುವುದೇ ಜಾಸ್ತಿ. ಓಡಿದರೆ ಗೋಡೆ ಗಡಿಯಾರದ ಟಿಕ್ ಟಿಕ್‌ಗೆ ಹೇಳಿಸಿ.

ಇನ್ನೊಂದು ತಾಳ ದಾದ್ರಾ, ಅದಕ್ಕೆ 6 ಮಾತ್ರೆ: ಧಾ ಧಿ ನಾ, ಧಾ ತಿ ನಾ. ಮೇಲೆ ಬರೆದ ಮೂರು ಮೂರು ಸ್ವರದ ಪಲಟಾ (ಸ್ವರಗಳ ಅಭ್ಯಾಸ) ಇದರಲ್ಲಿ ಸರಿಯಾಗಿ ಕೂರುತ್ತದೆ, ಹಾಡಿ ನೋಡಿ. ಸಾರೇಗಪ, ರೇಗಪಧ, ಗಪಧಸಾ ಅಂತ ನಾಲ್ಕು ನಾಲ್ಕು ಮಾಡಿದರೆ ಕೆಹರವಾಕ್ಕೆ. ತೀನ್‌ತಾಲಿನ 16 ಮಾತ್ರೆ ಮಗನಿಗೆ ಆರು ತಿಂಗಳಾದ ಮೇಲೆ ನೋಡೋಣ.

ಈ ವಾರ ಇಬ್ಬರ ಸಾ ಬೇರೆ ಬೇರೆ ರೆಕಾರ್ಡ್ ಮಾಡಿ ಕಳಿಸಿ, ಹಿಂದೆ ತಂಬೂರಿ ಇರಲಿ. ಯಾವ ಶ್ರುತಿ ಒಗ್ಗುತ್ತದೆ ಅಂತ ಕೇಳಿ ಹೇಳುತ್ತೇನೆ.